ತಲೆದೆಸೆಯ ಇಂದ್ರಜಾಲ

ಬಸ್ಸಿನ ಕಿಟಕಿ ತೆರೆದೇ ಇತ್ತು, ಆದರೂ ವಾರ್ನಿಷ್ ವಾಸನೆ ಹೋಗಲಿಲ್ಲ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬೆಳಗಿನ ಬಸ್ಸು. ನನ್ನ ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಫೋಟೊ. ಕಟ್ಟು ಹಾಕಿದ್ದು ನಿನ್ನೆ ಸಂಜೆ, ಹಸಿ ವಾಸನೆ ಇನ್ನೂ ಆರಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದು, "ದೇವರ ಫೋಟೊ ಏನ್ರೀ?" ಎಂದು ಕೇಳಿದಳು. "ಅಲ್ರೀ, ನಮ್ಮ ಅಕ್ಕಂದು. ಮಹಾದೇವಿ ಅಂತ" ಎಂದೆ. ಆಕೆ ನನ್ನ ಬುರ್ಖಾ ನೋಡಿದಳು, ಪೊಟ್ಟಣ ನೋಡಿದಳು, ಮತ್ತೆ ಏನೂ ಕೇಳಲಿಲ್ಲ. ನೀವಾದರೂ ಕೇಳಿರಿ, ಹೇಳುತ್ತೇನೆ. ಕಮಲಾಪುರ ಬರಲು ಇನ್ನೂ ಹೊತ್ತಿದೆ.

ಕಮಲಾಪುರದ ಶಾಲೆಯಲ್ಲಿ ಮಹಾದೇವಿ ಅಕ್ಕ ವಿಜ್ಞಾನ ಹೇಳುತ್ತಿದ್ದರು, ನಾನು ಕನ್ನಡ. ಮನೆಯಲ್ಲಿ ಉರ್ದು ಆಡಿಕೊಂಡು ಬೆಳೆದ ನಾನು ಮಕ್ಕಳಿಗೆ ಹಗಲೆಲ್ಲ ಕನ್ನಡ ವ್ಯಾಕರಣ ತಿದ್ದಿ, ಸಂಜೆ ಮನೆಗೆ ಬಂದು ಅಮ್ಮೀಜಾನ್ ಜೊತೆ ಎರಡೂ ಭಾಷೆಗಳನ್ನು ಕೆಡಿಸುತ್ತಿದ್ದೆ. ಅಕ್ಕನೂ ನಾನೂ ಕಲಬುರಗಿಯಿಂದ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುವವರು. ದಾರಿಯುದ್ದಕ್ಕೂ ಅವರು ಮಾತಾಡುತ್ತಿದ್ದದ್ದು ಸಮುದ್ರದ ಬಗ್ಗೆ. ಎಲ್ಲಿಯ ಕಲಬುರಗಿ, ಎಲ್ಲಿಯ ಸಮುದ್ರ! ಹೊರಗೆ ನೋಡಿದರೆ ತೊಗರಿ ಹೊಲ, ಕರಿ ಮಣ್ಣು, ನೆತ್ತಿ ಸುಡುವ ಬಿಸಿಲು.

ಮದುವೆಯಾದ ಹೊಸದರಲ್ಲಿ ಗಂಡ ಅವರನ್ನು ಕರಾವಳಿಗೆ ಕರೆದುಕೊಂಡು ಹೋಗಿದ್ದರಂತೆ. ಗಂಡ ಶರಣಪ್ಪಣ್ಣ ತೆರೆಗೆ ಹೆದರಿ, ಇಬ್ಬರ ಚಪ್ಪಲಿಯನ್ನೂ ಹಿಡಿದುಕೊಂಡು ದೂರದಲ್ಲೇ ಕೂತುಬಿಟ್ಟರಂತೆ. ಅಕ್ಕ ಮಾತ್ರ ಬಂದರಿನ ತನಕ ನಡೆದು ಹೋಗಿ, ದೊಡ್ಡ ದೋಣಿಗಳ ಬಲೆ ಬಿಡಿಸುವುದನ್ನು ನೋಡುತ್ತ ನಿಂತರು. ಬೇಕಾದ ಮೀನು ಬುಟ್ಟಿಗೆ, ಬೇಡವಾದದ್ದು ನೆಲಕ್ಕೆ. ನೆಲಕ್ಕೆ ಬಿದ್ದದ್ದರಲ್ಲಿ ಬೆರಳುದ್ದದ ಮರಿಮೀನುಗಳು, ಅವುಗಳ ನಡುವೆ ಎಲೆ ಉದುರಿದ ಗಿಡದಂಥ, ಜಾಲರಿಯಂತೆ ಹರಡಿದ ಒಂದು ಕರಿಯ ವಸ್ತು. "ಇದೇನು ಗಿಡ?" ಎಂದು ಕೇಳಿದ್ದಕ್ಕೆ ಅಲ್ಲಿದ್ದ ಹೆಂಗಸು, ಗಿಡವಲ್ಲ, ಅದೂ ಜೀವವೇ, ಸಮುದ್ರದ ತಳದ ಬಂಡೆಗೆ ಅಂಟಿಕೊಂಡಿರುತ್ತದೆ, ಮರಿಮೀನುಗಳು ಅದರ ಸಂದಿಯಲ್ಲೇ ಅಡಗುತ್ತವೆ ಎಂದಳಂತೆ. ಅಕ್ಕ ಊರಿಗೆ ಬಂದವರೇ ಪುಸ್ತಕ ಹುಡುಕಿ ಓದಿದರು. ಸೂಜಿಮೊನೆಯಷ್ಟು ಸಣ್ಣ ಜೀವಿಗಳು ಸಾವಿರಗಟ್ಟಲೆ ಸೇರಿ ಕಟ್ಟಿಕೊಂಡ ಮನೆ ಅದು. ಅದನ್ನು ಮಾರುವುದೂ ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧ. ಒಂದು ಸಲ ಕಿತ್ತರೆ ಮತ್ತೆ ಅಷ್ಟು ಬೆಳೆಯಲು ಒಂದು ಮನುಷ್ಯಜನ್ಮವೇ ಬೇಕಾದೀತು ಎನ್ನುತ್ತಿದ್ದರು.

ನಮ್ಮ ಕಡೆ ಅದರ ಹೆಸರು ಇಂದ್ರಜಾಲ. ನೀವೂ ನೋಡಿರುತ್ತೀರಿ. ಗಾಜಿನ ಕಟ್ಟಿನೊಳಗೆ ಅಂಟಿಸಿ, ಬಾಗಿಲ ಮೇಲೋ ದೇವರ ಕೋಣೆಯಲ್ಲೋ ತೂಗುಹಾಕುತ್ತಾರೆ. ಮಾಟ ತಟ್ಟುವುದಿಲ್ಲ, ದೃಷ್ಟಿ ಬೀಳುವುದಿಲ್ಲ, ಬೇನೆ ಬಂದದ್ದು ಹೋಗುತ್ತದೆ ಎಂಬ ನಂಬಿಕೆ. ಕಮಲಾಪುರದ ಸಂತೆಯಲ್ಲಿ ಬೇರು, ತಾಯಿತ ಮಾರುವವರ ಹತ್ತಿರ ಕದ್ದುಮುಚ್ಚಿ ಸಿಗುತ್ತಿತ್ತು. ಜನ ಕೊಂಡು, ಕಟ್ಟು ಹಾಕಿಸಲು ಕಲಬುರಗಿಗೆ ತರುತ್ತಿದ್ದರು. ಈಗ ತಮಾಷೆ ಕೇಳಿರಿ. ಕಟ್ಟು ಹಾಕುವ ಅಂಗಡಿ ನಮ್ಮ ಶರಣಪ್ಪಣ್ಣನದೇ. ಹೆಂಡತಿ ಊರೂರು ತಿರುಗಿ ಬೇಡವೆನ್ನುವ ವಸ್ತುವಿಗೆ ಗಂಡ ಗಾಜು ಕೊಯ್ಯುತ್ತಿದ್ದ! ಗೊತ್ತಾದ ದಿನ ಅಕ್ಕ ಅಂಗಡಿಗೇ ಹೋಗಿ ನಿಂತರು.

"ಏನ್ರೀ ಇದು? ನಾ ಹೊರಗ ಹೇಳೂದು, ನೀವು ಒಳಗ ಮೊಳೆ ಹೊಡೆಯೂದು?"

"ನಂಗೇನು ಗೊತ್ತು ಟೀಚರ್, ಮಂದಿ ಗಿಡಾ ಅಂದ್ರು, ನಾ ಗಿಡಾ ಅಂದ್ಕೊಂಡೆ" ಎಂದರು ಶರಣಪ್ಪಣ್ಣ. ಹೆಂಡತಿಯನ್ನು ಅವರು ಟೀಚರ್ ಎಂದೇ ಕರೆಯುವುದು. ಅವತ್ತಿನಿಂದ ಯಾರು ತಂದರೂ ವಾಪಸು ಕಳಿಸಿದರು. ಕೆಲವು ಗಿರಾಕಿಗಳು ತಿರುಗಿ ಬರಲೇ ಇಲ್ಲ. ಆ ಮಾತನ್ನು ಅವರು ಮನೆಯಲ್ಲಿ ಎಂದೂ ಎತ್ತಲಿಲ್ಲ.

ಅಕ್ಕನ ಪ್ರಚಾರ ಗೆದ್ದದ್ದು ಮಾತ್ರ ಬೇರೆಯದೇ ಕಾರಣಕ್ಕೆ. ಸಂತೆಯ ದಿನ ಮಕ್ಕಳ ಕೈಗೆ ರಟ್ಟಿನ ಫಲಕ ಕೊಟ್ಟು ಬಾಳೆಹಣ್ಣಿನವರ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಬಲೆಗೆ ಮರಿಮೀನು ಬಿದ್ದರೆ ನಾಳೆಗೆ ಮೀನಿಲ್ಲ, ಸಮುದ್ರದ ತೊಟ್ಟಿಲು ಕೀಳಬೇಡಿ ಎಂದೆಲ್ಲ ಬರೆಸಿದ್ದರು. ಬರೆದುಕೊಟ್ಟವಳು ನಾನೇ, ಹಾಗಾಗಿ ಪ್ರಾಸ ಸ್ವಲ್ಪ ಹೆಚ್ಚೇ ಇತ್ತು. ಜನ ಓದಿ, ನಕ್ಕು, ಕೆಂಪು ಬಾಳೆಹಣ್ಣು ಕೊಂಡು ಹೋಗುತ್ತಿದ್ದರು. ಮೀನು ಮುಟ್ಟದ ಲಿಂಗವಂತರ ಓಣಿಗಳಲ್ಲಿ ಮೀನಿನ ಚಿಂತೆ ಯಾರಿಗೆ? ಒಂದು ದಿನ ಒಬ್ಬ ಅಜ್ಜಿಗೆ ಅಕ್ಕ ವಿವರಿಸಿ ಹೇಳಿದರು: "ಆಯಿ, ಅದು ಗಿಡ ಅಲ್ಲ. ಪ್ರಾಣಿ. ಸತ್ತ ಪ್ರಾಣಿ."

ಅಜ್ಜಿ ಎದೆಗೆ ಕೈ ಹಚ್ಚಿದಳು. "ಯವ್ವಾ! ಹಂಗಂದ್ರ ದೇವರ ಜಗಲಿ ಮ್ಯಾಗ ಹೆಣ ತೂಗ ಹಾಕೀವೇನ? ಲಿಂಗಪೂಜಿ ಮಾಡೂ ಜಾಗದಾಗ?"

ಅಷ್ಟೇ. ಮಾತು ಓಣಿಯಿಂದ ಓಣಿಗೆ ಹೋಯಿತು. ಮರುದಿನದಿಂದ ಶಾಲೆಯ ಬಾಗಿಲಿಗೆ ಕಟ್ಟುಗಳು ಬಂದು ಬೀಳತೊಡಗಿದವು. ಕೆಲವರು ಕೈಯಲ್ಲೂ ಮುಟ್ಟದೆ ಕೋಲಿಗೆ ಸಿಕ್ಕಿಸಿಕೊಂಡು ತಂದರು, ಕೆಲವರು ಮನೆ ತೊಳೆಸಿ, ವಿಭೂತಿ ಹಚ್ಚಿ ಶುದ್ಧಿ ಮಾಡಿಸಿದರು. ವಿಜ್ಞಾನದ ಕೋಣೆ ತುಂಬಿತು. ಇಂಥ ಜೀವಿಗಳ ಕಾನೂನು ನೋಡಿಕೊಳ್ಳುವ ಅರಣ್ಯ ಇಲಾಖೆಯವರಿಗೆ ಎಲ್ಲವನ್ನೂ ಒಪ್ಪಿಸಿದೆವು. ನಾನು ಬಿದ್ದು ಬಿದ್ದು ನಕ್ಕೆ. ಅಕ್ಕನಿಗೆ ನಗು ಬರಲಿಲ್ಲ. "ನಾ ಜೀವ ಅಂತ ಹೇಳ್ದೆ, ಇವ್ರು ಮೈಲಿಗಿ ಅಂತ ತಿಳ್ಕೊಂಡ್ರು" ಎಂದು ಬಸ್ಸಿನಲ್ಲಿ ಬೇಸರ ಮಾಡಿಕೊಂಡರು.

ನನ್ನನ್ನೂ ಅವರು ಬಿಟ್ಟವರಲ್ಲ. ಮಳೆಗಾಲ ಬಂತೆಂದರೆ, "ತಂಗಿ, ಈಗ ಸಮುದ್ರದ ಮೀನು ತರಬ್ಯಾಡ, ತತ್ತಿ ಇಡೂ ಹೊತ್ತು" ಎನ್ನುತ್ತಿದ್ದರು. ನಮ್ಮ ಅಮ್ಮೀಜಾನ್‌ಗೆ ತಡೆಯಲಾರದ ಸೋಜಿಗ. "ಜನಮ್ ಮೇ ಮಚ್ಲಿ ನೈ ಖಾಯೇ, ಸಮಂದರ್ ಕೀ ಫಿಕರ್ ಇನೊಂಕು ಕೈಕು?" ಹುಟ್ಟಿದಾಗಿನಿಂದ ಮೀನು ತಿನ್ನದವರಿಗೆ ಸಮುದ್ರದ ಚಿಂತೆ ಯಾಕೆ ಎಂದು. ಅಕ್ಕನಿಗೆ ಈ ಮಾತು ಹೇಳಿದರೆ, "ತಿನ್ನವ್ರು ನೀವು, ಉಳಸವ್ರು ನಾವು. ಛೊಲೊ ಜೋಡಿ ಅದ" ಎಂದು ನಕ್ಕರು. ಬೈದುಕೊಳ್ಳುತ್ತಲೇ ಅಮ್ಮೀಜಾನ್ ಕೆರೆಯ ಮೀನಿಗೆ ಒಗ್ಗಿಕೊಂಡರು.

ಒಂದು ಮನೆ ಮಾತ್ರ ನನಗೆ ಇವತ್ತಿಗೂ ಮರೆತಿಲ್ಲ. ಕಮಲಾಪುರದ ಅಂಚಿನಲ್ಲಿ ಒಬ್ಬ ತಾಯಿ ಕಟ್ಟನ್ನು ಮೊಳೆಯಿಂದ ತೆಗೆದು ಎದೆಗೆ ಅವುಚಿಕೊಂಡು ನಿಂತಿದ್ದಳು. "ತೆಗದ್ ಮ್ಯಾಲ ಏನಾದ್ರೂ ಆದ್ರ ಅಕ್ಕೋರೆ?" ಎಂದು ಮತ್ತೆ ಮತ್ತೆ ಕೇಳಿದಳು. ಅಕ್ಕ ತಾಳ್ಮೆಯಿಂದ ಪಾಠ ಹೇಳಿದರು. ಬಂಡೆ, ಬಲೆ, ಮರಿಮೀನು, ಕಾನೂನು. ಎಲ್ಲವೂ ನಿಜವಾದ ಮಾತೇ. ಆಕೆ ಕೊಟ್ಟಳು. ಒಳಗಿನ ಕೋಣೆಯಿಂದ ಯಾರೋ ಕೆಮ್ಮುತ್ತಿದ್ದರು.

ಆಮೇಲೆ ಅಕ್ಕನೇ ಹಾಸಿಗೆ ಹಿಡಿದರು. ಮೊದಲು ಹೊಟ್ಟೆನೋವು ಎಂದರು, ಆಮೇಲೆ ಡಾಕ್ಟರು ಶರಣಪ್ಪಣ್ಣನನ್ನು ಹೊರಗೆ ಕರೆದು ಮೆಲ್ಲಗೆ ಹೇಳುವ ಮಾತಾಯಿತು. ಸೊಲ್ಲಾಪುರಕ್ಕೆ ಹೋಗಿ ಬಂದರು, ಹೈದರಾಬಾದಿಗೂ ಹೋಗಿ ಬಂದರು. ಕಡೆಗೆ ಮನೆಯಲ್ಲೇ ಇಟ್ಟುಕೊಳ್ಳಿರಿ ಎಂದು ಕಳಿಸಿದರು. ನಾನು ಶಾಲೆ ಬಿಟ್ಟವಳೇ ಅವರ ಮನೆಗೆ ಹೋಗಿ ಕೂಡುತ್ತಿದ್ದೆ. ಅಂಥ ಗಟ್ಟಿ ಹೆಂಗಸು ಕೌದಿಯೊಳಗೆ ಕಂಡೂ ಕಾಣದಂತಾಗಿದ್ದರು. ಅಲ್ಲಿ ಅಳಬಾರದು ಎಂದು ಹಲ್ಲು ಕಚ್ಚಿ ಕೂತು, ಬಸ್ ಸ್ಟ್ಯಾಂಡಿಗೆ ಬಂದು ಅಳುತ್ತಿದ್ದೆ.

ಒಂದು ಮಧ್ಯಾಹ್ನ ಶರಣಪ್ಪಣ್ಣ ಔಷಧ ತರಲು ಹೋಗಿದ್ದರು. ಅಕ್ಕ ಕಣ್ಣಿನಲ್ಲೇ ಎದುರಿನ ಕನ್ನಡಿ ಬಾಗಿಲಿನ ಕಪಾಟು ತೋರಿಸಿದರು.

"ಕನ್ನಡಿಯಾಗ ನೋಡು ತಂಗಿ."

ನೋಡಿದೆ. ಮಂಚದ ತಲೆದೆಸೆಯ ಗೋಡೆಯ ಮೇಲೆ, ಮಲಗಿದವರ ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿ, ಸಾಗವಾನಿಯ ಕಟ್ಟಿನೊಳಗೆ ಇಂದ್ರಜಾಲ. ಹಿಂದಿನ ದಿನ ನಾನು ಬಂದಾಗ ಅದು ಅಲ್ಲಿರಲಿಲ್ಲ. ಹಳೆಯ ಕಾಲದಲ್ಲಿ ಯಾರೋ ಗಿರಾಕಿ ಕೊಟ್ಟು ಒಯ್ಯದೆ ಬಿಟ್ಟದ್ದು ಅಂಗಡಿಯ ಅಟ್ಟದಲ್ಲಿ ಉಳಿದಿತ್ತೆಂದು ಆಮೇಲೆ ತಿಳಿಯಿತು. ಜನ್ಮವೆಲ್ಲ ಗಾಜಿನೊಂದಿಗೇ ಕಳೆದ ಮನುಷ್ಯ, ಎದುರಿಗಿದ್ದ ಕನ್ನಡಿಯನ್ನು ಮರೆತುಬಿಟ್ಟಿದ್ದರು. ನನಗೆ ಇನ್ನೊಂದು ಯೋಚನೆಯೂ ಬಂತು. ತತ್ತಿ ಹಾಕಿದ ಕೇಕನ್ನೂ ಮುಟ್ಟದ, ದಿನಾ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನುಷ್ಯ ಅವರು. ಅದು ಗಿಡವಲ್ಲ, ಹೆಣ ಎಂಬುದು ಗೊತ್ತಿದ್ದೂ ತಮ್ಮ ಕೈಯಾರೆ ಒರೆಸಿ, ಹೊಸ ಗಾಜು ಹಾಕಿ ತಂದಿದ್ದರು.

"ತೆಗೀಲೇನಕ್ಕಾ?" ಎಂದೆ.

"ಬ್ಯಾಡ. ಅವ್ರಿಗಿ ಅಂಜಿಕಿ ಹೊಕ್ಕದ. ಅಂಜಿದವ್ರಿಗಿ ಪಾಠ ಹೇಳ್ಬಾರ್ದು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: "ಎಷ್ಟ್ ಮಂದಿ ಮನಿ ಬಾಗಲದಾಗ ನಿಂತು ತೆಗೀರಿ ಅಂದೆ. ಒಳಗ ಯಾರ್ ಮಲಗ್ಯಾರ ಅಂತ ಒಮ್ಮೀನೂ ಕೇಳ್ಲಿಲ್ಲ ನಾ. ನಂಗ ಗೊತ್ತದ ಅಂತ ಅವ್ರಿಗಿ ಗೊತ್ತಾಗಬಾರ್ದು. ಹೇಳಬ್ಯಾಡ."

ಕೆಲವು ದಿನಗಳಾದ ಮೇಲೆ ಕಮಲಾಪುರದ ಮಕ್ಕಳು ಅಕ್ಕನನ್ನು ನೋಡಲು ಬಂದರು, ಕೈಯಲ್ಲಿ ಕೆಂಪು ಬಾಳೆಹಣ್ಣಿನ ಗೊನೆ. ಅವರು ಮೆಟ್ಟಿಲು ಹತ್ತುವ ಸದ್ದು ಕೇಳುತ್ತಲೇ ಅಕ್ಕ ತಾವು ಹೊದ್ದ ಶಾಲು ಕಡೆಗೆ ಬೆರಳು ಮಾಡಿದರು. ತಿಳಿಯಿತು. ಸ್ಟೂಲು ಹತ್ತಿ ಕಟ್ಟಿನ ಮೇಲೆ ಶಾಲು ಇಳಿಬಿಟ್ಟೆ. ಮಕ್ಕಳು ನೋಡಿದರೆ ಶರಣಪ್ಪಣ್ಣನ ಮರ್ಯಾದೆ ಏನಾಗಬೇಕು? ಅಷ್ಟರಲ್ಲಿ ಶರಣಪ್ಪಣ್ಣನೇ ಅಂಗಡಿಯಿಂದ ಬಂದರು. ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಮಕ್ಕಳು ಬಂದಾರ, ಚಾ ಮಾಡ್ತೀನಿ" ಎಂದು ಅಡುಗೆಮನೆಗೆ ಹೋದರು. ಚಹಾ ಬರಲು ಬಹಳ ಹೊತ್ತು ಹಿಡಿಯಿತು. ಮಕ್ಕಳು ಹೋದ ಮೇಲೆ ಶಾಲು ತೆಗೆದು ಅಕ್ಕನಿಗೆ ಹೊದಿಸಿದೆ.

ಆ ತಿಂಗಳು ಮುಗಿಯುವುದರೊಳಗೆ ಅಕ್ಕ ಹೋದರು.

ಈಗ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಅವರ ಫೋಟೊ ಹಾಕಬೇಕೆಂದು ಮಕ್ಕಳ ಹಟ. ನಿನ್ನೆ ಫೋಟೊ ಹಿಡಿದುಕೊಂಡು ಶರಣಪ್ಪಣ್ಣನ ಅಂಗಡಿಗೆ ಹೋದೆ. ಅವರು ಗಾಜು ಕೊಯ್ದರು, ಮೂಲೆ ಕೂಡಿಸಿದರು, ವಾರ್ನಿಷ್ ಬಳಿದರು. ಆಣೆ ಇಟ್ಟವಳಂತೆ ನಾನು ಅಕ್ಕನ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೆ. ಕೇಳಿದರೆ, ಅಕ್ಕನಿಗೆ ಏನೂ ಗೊತ್ತಿರಲಿಲ್ಲ ಎಂದು ಹೇಳಬೇಕೆಂದು ಮನಸ್ಸಿನಲ್ಲೇ ತಯಾರಾಗಿದ್ದೆ.

ಅವರು ಕೇಳಲಿಲ್ಲ. ಬ್ರಶ್ಶು ಕೆಳಗಿಟ್ಟು ಹೇಳಿದರು: "ಆಕಿಗಿ ಗೊತ್ತಿತ್ತು ತಂಗೆವ್ವಾ. ಮಕ್ಕಳು ಬಂದ ದಿನ ಗೋಡಿ ಮ್ಯಾಗ ಶಾಲು ನೋಡ್ದೆ ನಾ."

ಗಾಜಿನ ಚೂರುಗಳನ್ನು ಒಂದು ಕಡೆ ಸರಿಸುತ್ತ ಅವರೇ ಮುಂದುವರಿಸಿದರು:

"ನಾ ಕಾಯ್ಕೋತ ಕುಂತಿದ್ದೆ, ಈಗ ಬೈತಾಳ, ನಾಳಿ ಬೈತಾಳ ಅಂತ. ಸುಮ್ಮ ಇರೂ ಹೆಣಮಗಳೇನು ಆಕಿ? ಸಂತ್ಯಾಗ ನಿಂತು ಜಗಳಾಡಾಕಿ. ಬದುಕೂ ಆಸಿ ಇದ್ದಿದ್ರ ಎದ್ದು ಕುಂತು ಅದನ್ನ ನನ್ನ ತಲಿ ಮ್ಯಾಲ ಒಡೀತಿದ್ಲು. ಏನೂ ಅನ್ಲಿಲ್ಲ. ಡಾಕ್ಟರ್ ಹೇಳಿದಾಗ ನಾ ನಂಬಿರ್ಲಿಲ್ಲ ನೋಡು. ಆಕಿ ಸುಮ್ಮ ಇದ್ದಳಲ್ಲ, ಅವತ್ತು ತಿಳೀತು, ಉಳಿಯಂಗಿಲ್ಲಂತ. ಅಡಗಿಮನ್ಯಾಗ ನಿಂತು ಅತ್ತೆ."

ಇಬ್ಬರೂ ಒಬ್ಬರಿಗೊಬ್ಬರು ತಿಳಿಯಬಾರದೆಂದು ಎಷ್ಟು ಕಷ್ಟಪಟ್ಟಿದ್ದರು! ಪುಣ್ಯಾತ್ಮರು ಒಂದು ಸಲ ಕೂತು ಜಗಳವಾಡಿ ಅತ್ತಿದ್ದರೆ ಆಗುತ್ತಿರಲಿಲ್ಲವೇ ಎಂದು ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಅಳುವೂ ಬಂತು. ಇಂದ್ರಜಾಲವನ್ನು ನಾಳೆ ತಾವೇ ಅರಣ್ಯ ಆಫೀಸಿಗೆ ಒಯ್ದು ಕೊಡುವುದಾಗಿ, ಯಾರು ಇಟ್ಟುಕೊಂಡಿದ್ದರು ಎಂದು ಕೇಳಿದರೆ ತಮ್ಮ ಹೆಸರನ್ನೇ ಹೇಳುವುದಾಗಿ ಶರಣಪ್ಪಣ್ಣ ಹೇಳಿದರು. ಆಮೇಲೆ ಫೋಟೊವನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

ನಿಮಗೆ ಇದಿಷ್ಟು ಹೇಳುವಷ್ಟರಲ್ಲಿ ಬಸ್ಸು ಕಮಲಾಪುರ ಮುಟ್ಟಿತ್ತು. ಫೋಟೊ ಗೋಡೆಗೇರಿತು, ಮಕ್ಕಳು ಹೂವು ಹಾಕಿದರು. ಆಮೇಲೆ ಇಬ್ಬರು ಹುಡುಗಿಯರು ಬಂದು, ಬಜಾರದ ಹಿಂದಿನ ಓಣಿಯಲ್ಲಿ ಒಂದು ಮನೆಗೆ ಹೊಸದಾಗಿ ಇಂದ್ರಜಾಲ ಬಂದಿದೆಯೆಂದು ಕಿವಿಯಲ್ಲಿ ಹೇಳಿದರು. ಸಂಜೆ ಅವರೊಡನೆ ಹೋದೆ. ಬಾಗಿಲ ಮೇಲೆ ಹೊಳೆಯುವ ಕಟ್ಟು, ಕೆಳಗೆ ಹೊಸ್ತಿಲಿಗೆ ಅಡ್ಡವಾಗಿ ನಿಂತ ನಡುವಯಸ್ಸಿನ ಹೆಂಗಸು. ಪಾಠವೆಲ್ಲ ನನಗೆ ಬಾಯಿಪಾಠವೇ ಇತ್ತು. ಪ್ರಾಸಸಮೇತ.

"ಮನ್ಯಾಗ ಯಾರಿಗರೆ ಆರಾಮಿಲ್ಲೇನ್ರೀ?" ಎಂದು ಕೇಳಿದೆ.

ಆಕೆ ನನ್ನನ್ನೇ ನೋಡಿದಳು. "ಮಗಳಿಗಿ... ಒಳಗ ಬರ್ರಿ" ಎಂದು ಬಾಗಿಲು ಬಿಟ್ಟು ಸರಿದಳು. ಚಪ್ಪಲಿ ಕಳಚಿ ಒಳಗೆ ಹೋಗಿ ಆ ಹುಡುಗಿಯ ಪಕ್ಕ ಕೂತೆ. ಸಮುದ್ರದ ಮಾತು ಹೇಳುವುದು ಇದ್ದೇ ಇದೆ, ಅದಕ್ಕೆ ಇನ್ನೊಂದು ದಿನ ಬರಬೇಕು.