ಸೀಟಕ್ಕನ ನಿಧಾನದ ರೇಸು

ಸೀಟಕ್ಕನ ಅಂಗಡಿಗೂ ನನ್ನ ಸೈಕಲ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಹಗಲೆಲ್ಲ ಆ ಗೋಡೆಯಾಚೆಯಿಂದ ಹೊಲಿಗೆ ಮಿಷನ್ನಿನ ಸದ್ದು ಬರುತ್ತದೆ, ಸಂಜೆಯಾಯಿತೆಂದರೆ ರೇಸ್ ಕಾರುಗಳ ಸದ್ದು. ಮೊದಮೊದಲು ನನ್ನ ಗಿರಾಕಿಗಳು ಬೆಚ್ಚಿಬಿದ್ದು ಪಕ್ಕಕ್ಕೆ ಹಾರುತ್ತಿದ್ದರು. ಈಗ ಅವರೇ "ಅಕ್ಕ ಇವತ್ತು ಎಷ್ಟನೇ ಸ್ಥಾನ?" ಎಂದು ವಿಚಾರಿಸಿಕೊಂಡು ಹೋಗುತ್ತಾರೆ.

ಆಕೆಯ ಕೆಲಸ ಕಾರಿನ ಸೀಟುಗಳಿಗೆ ಕವರ್ ಹೊಲಿಯುವುದು. ಗಂಡ ಎದುರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಅತ್ತೆಯನ್ನು ಬೀದಿಯವರೆಲ್ಲ ಅಜ್ಜಿ ಎನ್ನುತ್ತೇವೆ. ಆ ಮನೆಯ ಮಾತು, ನಗು ಎರಡೂ ಆಕೆಯ ಪಾಲಿಗೆ ಬಂದಿವೆ. ರೆಕ್ಸಿನ್ ಸುರುಳಿಗಳ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು, ದಾರದ ತುದಿ ಕತ್ತರಿಸುತ್ತ, ಬಂದವರನ್ನೆಲ್ಲ ಮಾತಾಡಿಸುತ್ತ ಕೂತಿರುತ್ತಾರೆ.

ಸೀಟಕ್ಕನಿಗೆ ಈ ಆಟ ಹತ್ತಿದ್ದು ಹೀಗೆ. ಗೇಮ್ ಅಂಗಡಿ ಮುಚ್ಚುತ್ತಿದ್ದ ಗಿರಾಕಿಯೊಬ್ಬ, ತನ್ನ ಕಾರಿನ ಸೀಟು ಹೊಲಿದದ್ದಕ್ಕೆ ಬದಲಾಗಿ ಒಂದು ಹಳೆಯ ಕಂಪ್ಯೂಟರನ್ನೂ, ಆಟಕ್ಕೆಂದೇ ಮಾಡಿದ ಸ್ಟೇರಿಂಗ್ ಮತ್ತು ಪೆಡಲ್‌ಗಳನ್ನೂ ಬಿಟ್ಟುಹೋದ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಅವನ್ನು ಒಂದು ಸಂಜೆ ಗಂಡನೇ ಜೋಡಿಸಿಕೊಟ್ಟರು. ಗುಜರಿ ಸೇರಿದ ಕಾರಿನಿಂದ ಒಂದು ಸೀಟನ್ನು ಬಿಚ್ಚಿ ತಂದು, ಹೊಸ ಸ್ಪಂಜು ತುಂಬಿ, ಕಪ್ಪು ರೆಕ್ಸಿನ್ನಿನ ಅಂಚಿಗೆ ಕೆಂಪು ಪೈಪಿಂಗ್ ಕೊಟ್ಟು ಸೀಟಕ್ಕ ಕೂತಳು. ಆವತ್ತು ಕೂತವಳು ಊಟಕ್ಕೆ ಏಳಲಿಲ್ಲ.

"ಏನಪ್ಪಾ ಸೈಕಲ್ಲು," ಎಂದು ಮಾರನೆಯ ದಿನ ನನ್ನನ್ನು ಕರೆದಳು. "ಇಷ್ಟು ವರ್ಷ ಕಾರಿನೊಳಗೇ ಕೂತು ಕೆಲಸ ಮಾಡಿದೀನಿ. ಒಂದು ಕಾರೂ ಚಲಿಸಿರಲಿಲ್ಲ ಕಣೋ! ನಿನ್ನೆ ಚಲಿಸ್ತು!"

ಹೇಳುವಾಗ ಆಕೆಯ ಕಣ್ಣು ನೋಡಬೇಕಿತ್ತು.

ಒಂದು ವರ್ಷದೊಳಗೆ ಆಕೆ ಪಳಗಿಬಿಟ್ಟಳು. ಆ ಆಟದಲ್ಲಿ ಬೆಟ್ಟದ ದಾರಿಯದೊಂದು ಪಂದ್ಯವಿದೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅದನ್ನು ಗೆದ್ದವರಿಗೆ ಒಂದು ಪುಟ್ಟ ಹಳದಿ ಕಾರು ಬಹುಮಾನ. ದುಡ್ಡು ಕೊಟ್ಟರೂ ಸಿಗದ ಕಾರು ಅದು. ಆ ಕಾರು ಕೈಸೇರುವ ಮೊದಲು ಆಕೆ ಪ್ರಪಾತಕ್ಕೆ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಬಿದ್ದಾಗಲೆಲ್ಲ ಅಜ್ಜಿ "ಅಯ್ಯೋ ನನ್ನ ಸೊಸೆ!" ಎಂದು ಚೀರುತ್ತಿದ್ದರು. ಗೆದ್ದ ದಿನ ಅತ್ತೆ-ಸೊಸೆ ತಬ್ಬಿಕೊಂಡು ಕುಣಿದದ್ದಕ್ಕೆ ನಮ್ಮ ನಡುಗೋಡೆಯ ಗಾರೆ ಉದುರಿತು.

ಆಟದೊಳಗೆ ಆಕೆಗೆ ಗೆಳೆಯರೂ ಸಿಕ್ಕರು. ನಮ್ಮ ಭಾಷೆಯವರದ್ದೇ ಒಂದು ಗುಂಪು. ಆಡುತ್ತಲೇ ಮೈಕಿನಲ್ಲಿ ಮಾತಾಡಿಕೊಳ್ಳುತ್ತಾರೆ. ಅವರಲ್ಲಿ ಆಕೆಗೆ ತುಂಬ ಬೇಕಾದವರು ಬ್ರೇಕಣ್ಣ, ನಿವೃತ್ತ ಬಸ್ ಡ್ರೈವರ್. ಹಿಂದೆ ಪ್ರಯಾಣಿಕರಿದ್ದಾರೆಂಬ ಭಾವನೆ ಇನ್ನೂ ಹೋಗಿಲ್ಲವಾಗಿ, ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತುತ್ತಾರೆ. ಅದಕ್ಕೇ ಆ ಹೆಸರು.

ಹೀಗಿರುವಾಗ ಆ ಆಟವನ್ನು ಯಾವುದೋ ದೊಡ್ಡ ಕಂಪನಿ ಕೊಂಡುಕೊಂಡಿತು. ಮೊದಲು ಬಂದದ್ದು ಪೆಟ್ರೋಲು. ಅಲ್ಲಿಯವರೆಗೆ ಆಟದಲ್ಲಿ ಪೆಟ್ರೋಲಿನ ಮಾತೇ ಇರಲಿಲ್ಲ. ಈಗ ಸ್ವಲ್ಪ ಹೊತ್ತು ಓಡಿಸಿದರೆ ಟ್ಯಾಂಕ್ ಖಾಲಿ. ನಾಳೆಯವರೆಗೆ ಕಾಯಬೇಕು, ಇಲ್ಲವೇ ನಿಜವಾದ ದುಡ್ಡು ಕೊಟ್ಟು ತುಂಬಿಸಿಕೊಳ್ಳಬೇಕು.

"ನನ್ನ ನಿಜವಾದ ಸ್ಕೂಟರಿಗೇ ನಾನು ನೋಡಿ ನೋಡಿ ಹಾಕಿಸ್ತೀನಿ," ಎಂದು ಸೀಟಕ್ಕ ಹಲ್ಲು ಕಡಿದಳು. "ಇಲ್ಲದ ಕಾರಿಗೆ ಇಲ್ಲದ ಪೆಟ್ರೋಲು ಹಾಕಿಸ್ಬೇಕಂತೆ!"

ಆಮೇಲೆ ಬಂದದ್ದು ಅದೃಷ್ಟದ ಪೆಟ್ಟಿಗೆ. ಒಳ್ಳೆಯ ಟೈರು ಬೇಕಾದರೆ ಪೆಟ್ಟಿಗೆ ಕೊಳ್ಳಬೇಕು. ಒಳಗೆ ಟೈರಿರಬಹುದು, ಇನ್ನೇನೋ ಇರಬಹುದು. ಸೀಟಕ್ಕ ಸೋಲು ತಾಳದೆ ಒಂದು ದಿನ ಕೊಂಡೇಬಿಟ್ಟಳು. ಮೊದಲ ಪೆಟ್ಟಿಗೆಯಲ್ಲಿ ಬಾತುಕೋಳಿಯ ಸ್ಟಿಕ್ಕರ್. ಎರಡನೆಯದರಲ್ಲಿ ಕತ್ತೆಯಂತೆ ಕೂಗುವ ಹಾರ್ನ್. ಮೂರನೆಯದನ್ನು ತೆರೆದಾಗ ಪರದೆಯ ತುಂಬ ಚಿನ್ನದ ಬೆಳಕು ಸುರಿಯಿತು. ನಾವೆಲ್ಲ ಉಸಿರು ಬಿಗಿಹಿಡಿದೆವು. ಬಂದದ್ದು ಸೀಟ್ ಕವರ್.

ಸೀಟಕ್ಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿದಳು.

"ನನಗೇ ಸೀಟ್ ಕವರ್ ಮಾರ್ತಾರಲ್ರೀ!" ಎಂದಳು ಗಂಡನಿಗೆ. "ಅದೂ ಹೊಲಿಗೆ ನೋಡ್ರಿ. ಬೆನ್ನಿಗೂ ಕೂರೋ ಜಾಗಕ್ಕೂ ಸೇರಿಸಿ ಒಂದೇ ತುಂಡು ಎಳೆದು ಹೊಲಿದಿದಾರೆ. ಯಾರಾದ್ರೂ ಕೂತ್ರೆ ಟರ್ ಅಂತ ಹರಿಯುತ್ತೆ."

"ಗೇಮಲ್ಲಿ ಯಾರು ಕೂರ್ತಾರೆ?" ಎಂದರು ಗಂಡ.

"ನಾನು ಕೂರ್ತೀನಿ!"

ಗಂಡ ನಕ್ಕದ್ದನ್ನು ನಾನು ಕಂಡದ್ದು ಆವತ್ತೇ. ಆದರೆ ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಮುಂದಿನ ತಿಂಗಳು ಕಂಪನಿ ಇನ್ನೊಂದು ನಿಯಮ ತಂದಿತು: ಹಿಂದೆ ಗೆದ್ದ ಕಾರುಗಳನ್ನು ಓಡಿಸಬೇಕಾದರೂ ಇನ್ನು ತಿಂಗಳು ತಿಂಗಳು ಬಾಡಿಗೆ. ಸೀಟಕ್ಕ ಆಟದೊಳಗಿನ ತನ್ನ ಗ್ಯಾರೇಜನ್ನು ತೆರೆದಾಗ ಹಳದಿ ಕಾರಿನ ಮೇಲೆ ದೊಡ್ಡದೊಂದು ಬೀಗ ತೂಗುತ್ತಿತ್ತು. ಆಕೆ ಬೈಯಲಿಲ್ಲ, ಕೂಗಲಿಲ್ಲ. ಕಂಪ್ಯೂಟರ್ ಆರಿಸಿ, ಹೋಗಿ ಮಿಷನ್ ಮುಂದೆ ಕೂತಳು. ಅಜ್ಜಿ ಮಾತ್ರ "ಗೆದ್ದದ್ದನ್ನ ಕಿತ್ಕೊಳ್ಳೋದು ಯಾವ ಸೀಮೆ ಆಟವೇ?" ಎಂದು ಗೊಣಗುತ್ತಲೇ ಇದ್ದರು.

ಗುಂಪಿನವರೆಲ್ಲ ಕಂಪನಿಗೆ ದೂರು ಬರೆದರು. "ನಿಮ್ಮ ಉತ್ಸಾಹಕ್ಕೆ ಧನ್ಯವಾದಗಳು" ಎಂಬ ಒಂದೇ ಉತ್ತರ ಎಲ್ಲರಿಗೂ ಬಂತು. ಮತ್ತೆ ಬರೆದವರಿಗೆ ಮತ್ತೆ ಅದೇ ಬಂತು.

ಅಷ್ಟರಲ್ಲಿ ವರ್ಷದ ದೊಡ್ಡ ಪಂದ್ಯ ಹತ್ತಿರವಾಯಿತು. ನಮ್ಮ ಭಾಷೆಯ ಆಟಗಾರರ ವಿಭಾಗದ ಫೈನಲ್ಲಿಗೆ ಇಪ್ಪತ್ತು ಜನ; ಅದನ್ನು ಕಂಪನಿ ನೇರಪ್ರಸಾರ ಮಾಡುತ್ತದೆ, ಲಕ್ಷಾಂತರ ಮಂದಿ ನೋಡುತ್ತಾರೆ. ಆಟ ಶುರುವಿಗೆ ಪುಕ್ಕಟೆ ಕೊಡುವ ಬೂದುಬಣ್ಣದ ಡಬ್ಬಾ ಕಾರಿನಲ್ಲೇ ಸೀಟಕ್ಕ ಹೇಗೋ ಇಪ್ಪತ್ತನೆಯವಳಾಗಿ ಒಳಗೆ ನುಗ್ಗಿದಳು. ಬ್ರೇಕಣ್ಣನೂ ಬಂದಿದ್ದರು.

ಗುಂಪಿನಲ್ಲಿ ಚರ್ಚೆಯೋ ಚರ್ಚೆ. ಪಂದ್ಯಕ್ಕೆ ಹೋಗುವುದೇ ಬೇಡ ಎಂದು ಬಹಳ ಜನ ಹೇಳಿದರು. ಸೀಟಕ್ಕನಿಗೆ ಅದು ಸರಿಕಾಣಲಿಲ್ಲ, ಬೇರೆ ದಾರಿಯೂ ಹೊಳೆಯಲಿಲ್ಲ. ಮರುದಿನ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕೆಟ್ಟ ಲಾರಿಯೊಂದನ್ನು ಕ್ರೇನಿನಲ್ಲಿ ಎಳೆದೊಯ್ಯುತ್ತಿದ್ದರು. ಆಮೆಯ ನಡಿಗೆ. ಹಿಂದೆ ವಾಹನಗಳ ಸಾಲು, ಹಾರ್ನಿನ ಗಲಾಟೆ. ಮಹಡಿಗಳಿಂದ ಜನ ಇಣುಕಿ ನೋಡುತ್ತಿದ್ದರು. ಸೀಟಕ್ಕ ಬಾಗಿಲಿಗೆ ಬಂದು ನಿಂತವಳು ಕತ್ತರಿ ಹಿಡಿದ ಕೈಯನ್ನೇ ಎತ್ತಿ ಕೂಗಿದಳು: "ಸಿಕ್ತು ಕಣೋ ಸೈಕಲ್ಲು, ಸಿಕ್ತು!"

ಸಂಜೆ ಮೈಕಿನಲ್ಲಿ ಹೇಳಿದಳು: "ನಾವು ಹೋಗದೆ ಇದ್ರೆ ಬೇರೆಯವರನ್ನ ಕೂರಿಸ್ತಾರೆ, ನಾವಿಲ್ಲ ಅಂತ ಯಾರಿಗೂ ಗೊತ್ತೂ ಆಗಲ್ಲ. ಹೋಗೋಣ. ಹೋಗಿ ನಿಧಾನಕ್ಕೆ ಓಡಿಸೋಣ. ಎಲ್ಲರೂ ಸಾಲಾಗಿ, ರಸ್ತೆ ಅಗಲಕ್ಕೂ, ಹೆಡ್‌ಲೈಟ್ ಹಾಕ್ಕೊಂಡು."

ಮೊದಲು ಬ್ರೇಕಣ್ಣನ ದನಿ ಬಂತು. "ತಂಗೀ, ನಿಧಾನಕ್ಕೆ ಓಡಿಸೋದಾದ್ರೆ ನನ್ನ ಬಿಟ್ಟು ಇನ್ಯಾರನ್ನ ಕೇಳ್ತೀಯಾ?"

ಹತ್ತೊಂಬತ್ತು ಜನ ಒಪ್ಪಿದರು. ಒಬ್ಬ ಮಾತ್ರ ಗುಂಪಿಗೇ ಸೇರಿದವನಲ್ಲ. ಪೆಟ್ಟಿಗೆಗಳಿಗೆ ಹಣ ಸುರಿದು ಎಲ್ಲರಿಗಿಂತ ವೇಗದ ಕೆಂಪು ಕಾರು ಕಟ್ಟಿಕೊಂಡಿದ್ದವನು. ಅವನಿಗೆ ಕಳಿಸಿದ ಸಂದೇಶಕ್ಕೆ ಉತ್ತರ ಬರಲಿಲ್ಲ.

ಪಂದ್ಯಕ್ಕೆ ಎರಡು ದಿನವಿರುವಾಗ ಕಂಪನಿಯ ಹೆಣ್ಣುಮಗಳೊಬ್ಬಳು ಸೀಟಕ್ಕನಿಗೆ ಫೋನ್ ಮಾಡಿದಳು. ಮಾತು ಬೆಣ್ಣೆ. "ಮೇಡಂ, ಸೀಟು ಹೊಲಿಯೋರು ಫೈನಲ್ಲಿಗೆ ಬಂದಿದೀರಾ, ಎಂಥ ಒಳ್ಳೆ ಕಥೆ! ನಿಮ್ಮ ಫೋಟೋ ಜಾಹೀರಾತಿಗೆ ಹಾಕ್ಕೋತೀವಿ. ನಮ್ಮ ಹೊಸ ಬಂಗಾರದ ಕಾರು ನಿಮಗೆ ಉಚಿತ. ಈಗಾಗಲೇ ನಿಮ್ಮ ಗ್ಯಾರೇಜಿಗೆ ಹಾಕಿದೀವಿ, ನೋಡಿ."

"ನನ್ನ ಹಳದಿ ಕಾರಿನ ಬೀಗ ತೆಗೀತೀರಾ?"

"ನಿಮಗೆ ಬೇಕಾದ್ರೆ ತೆಗೆಸ್ತೀನಿ ಮೇಡಂ."

"ಮಿಕ್ಕವರದ್ದು?"

"ಅದು... ಕಂಪನಿ ನಿಯಮ ಅಲ್ವಾ."

ಸೀಟಕ್ಕ ನೋಡಿ ಹೇಳುತ್ತೇನೆಂದು ಫೋನಿಟ್ಟಳು. ಸುಳ್ಳು ಯಾಕೆ ಹೇಳಲಿ, ಆಕೆ ಆ ಬಂಗಾರದ ಕಾರಿನಲ್ಲಿ ಒಂದು ಸುತ್ತು ಹೊಡೆದಳು. ಬೆಟ್ಟದ ದಾರಿಯಲ್ಲಿ ಅದು ಹಾರಿತೆನ್ನಬೇಕು. ಇಳಿದಾಗ ಮುಖ ಕೆಂಪಾಗಿತ್ತು.

"ಹೇಗಿತ್ತೇ?" ಎಂದರು ಅಜ್ಜಿ.

"ಏನು ಹೇಳ್ಲಿ ಅತ್ತೆ. ಎಂಥ ಕಾರು ಅದು!" ಎಂದಳು. ಕೂತು ಸ್ವಲ್ಪ ಹೊತ್ತು ಬೆರಳುಗಳ ನೆಟಿಕೆ ಮುರಿದಳು. ನಂತರ ಫೋನ್ ಕೈಗೆತ್ತಿಕೊಂಡು, "ಬೇಡಮ್ಮ, ವಾಪಸ್ ತಗೊಂಡುಬಿಡಿ. ಅದು ಅಲ್ಲೇ ಇದ್ರೆ ನನ್ನ ಮನಸ್ಸು ಕೆಡುತ್ತೆ" ಎಂದು ಆ ಹುಡುಗಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು.

ಪಂದ್ಯ ಭಾನುವಾರ ಮಧ್ಯಾಹ್ನ. ಸೀಟಕ್ಕನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಗ್ಯಾರೇಜಿನವರು, ಎದುರಿನ ಔಷಧಿ ಅಂಗಡಿಯವರು, ನಾನು, ಎಲ್ಲ ರೆಕ್ಸಿನ್ ಸುರುಳಿಗಳ ಮೇಲೆ ಹತ್ತಿ ಕೂತಿದ್ದೆವು. ಗಂಡ ನೇರಪ್ರಸಾರಕ್ಕೆಂದು ಇನ್ನೊಂದು ಪರದೆ ತಂದಿಟ್ಟಿದ್ದರು. ಅದರಲ್ಲಿ ವಿವರಣೆ ಹೇಳುವವನು ಆಗಲೇ ಗಂಟಲು ಹರಿದುಕೊಳ್ಳುತ್ತಿದ್ದ.

ಕೆಂಪು ದೀಪ. ಕೆಂಪು. ಕೆಂಪು. ಹಸಿರು!

ಕೆಂಪು ಕಾರು ಬಾಣದಂತೆ ಚಿಮ್ಮಿತು. ಉಳಿದ ಹತ್ತೊಂಬತ್ತು ಹೆಡ್‌ಲೈಟ್ ಹೊತ್ತಿಸಿಕೊಂಡು, ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಯುವವರಂತೆ ಮೆಲ್ಲಗೆ ಹೊರಟವು.

"ಏನಾಯ್ತು? ಇವರೆಲ್ಲ... ಇವರೆಲ್ಲ ಯಾಕೆ..." ಎಂದು ವಿವರಣೆಯವನು ತೊದಲಿದ. "ಏನೋ ತಾಂತ್ರಿಕ ದೋಷ ಇರಬಹುದು!"

"ದೋಷ ನಿಮ್ಮ ಯಜಮಾನ್ರದ್ದು!" ಎಂದು ಅಜ್ಜಿ ಪರದೆಗೆ ಉತ್ತರ ಕೊಟ್ಟರು.

ನಿಧಾನ ಎಂದರೆ ಸುಲಭವಲ್ಲ. ಬೇಕೆಂದೇ ಬ್ರೇಕ್ ಹಾಕಿ ಪೂರ್ತಿ ನಿಂತರೆ ಆಟವೇ ಹೊರಗೆ ಹಾಕುತ್ತದೆ. ಸ್ವಲ್ಪ ಜೋರಾದರೆ ಸಾಲು ಮುರಿಯುತ್ತದೆ. ಸೀಟಕ್ಕ ಬಲಗಾಲಿನಲ್ಲಿ ಪೆಡಲನ್ನು ಕೂದಲೆಳೆಯಷ್ಟು ಒತ್ತುತ್ತಿದ್ದಳು, ಬಿಡುತ್ತಿದ್ದಳು. ಬ್ರೇಕಣ್ಣ ಮೈಕಿನಲ್ಲಿ ಬಸ್ಸಿನವರ ಧಾಟಿಯಲ್ಲೇ "ಹೋಗ್ಲಿ, ಹೋಗ್ಲಿ... ಸಾಕು... ಎಡಕ್ಕೆ ಸ್ವಲ್ಪ ಬಾ ತಂಗೀ" ಎನ್ನುತ್ತಿದ್ದರು.

ಅಷ್ಟರಲ್ಲಿ ಕೆಂಪು ಕಾರು ಇಡೀ ಸುತ್ತು ಮುಗಿಸಿ ಹಿಂದಿನಿಂದ ಬಂತು. ಮುಂದೆ ರಸ್ತೆಯ ಅಗಲಕ್ಕೂ ಕಾರಿನ ಗೋಡೆ. ಹಾರ್ನ್ ಹೊಡೆದ. ಯಾರೂ ಸರಿಯಲಿಲ್ಲ. ಎಡಕ್ಕೆ ನುಗ್ಗಿದ, ಬಲಕ್ಕೆ ನುಗ್ಗಿದ, ಕೊನೆಗೆ ನೇರವಾಗಿ ಸೀಟಕ್ಕನ ಡಬ್ಬಾ ಕಾರಿಗೇ ಗುದ್ದಿದ! ಸ್ಟೇರಿಂಗ್ ಆಕೆಯ ಕೈಯಲ್ಲಿ ಗಡಗಡ ಅದುರಿತು. ಕಾರು ಅಡ್ಡಡ್ಡ ಜಾರಿತು. ನಾನು ಕಣ್ಣು ಮುಚ್ಚಿಕೊಂಡೆ.

"ಹಿಡ್ಕೊಳ್ಳೇ! ಬಿಡಬೇಡ, ಹಿಡ್ಕೊಳ್ಳೇ!" ಅಜ್ಜಿ ಎದ್ದು ನಿಂತಿದ್ದರು.

ಹಿಡಿದಳು. ಕಾರು ತೂಗಾಡಿ ಮತ್ತೆ ಸಾಲಿಗೆ ಬಂತು. ಕೆಂಪು ಕಾರು ಇನ್ನೊಮ್ಮೆ ಗುದ್ದಲು ಹಿಂದೆ ಸರಿದದ್ದು ಕಂಡಿತು. ಗುದ್ದಲಿಲ್ಲ. ಹಾಗೇ ಹಿಂದೆ ಹಿಂದೆ ಬಂದ. ಸ್ವಲ್ಪ ದೂರ ಹೋದ ಮೇಲೆ ಅವನ ಹೆಡ್‌ಲೈಟೂ ಹತ್ತಿತು.

ಅಂಗಡಿಯಲ್ಲಿ ಎದ್ದ ಕೂಗಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು.

ಇಲ್ಲಿಯವರೆಗೆ ಎಲ್ಲ ಅಂದುಕೊಂಡಂತೆಯೇ ನಡೆದಿತ್ತು. ಮುಂದಿನದನ್ನು ಮಾತ್ರ ಯಾರೂ ಎಣಿಸಿರಲಿಲ್ಲ. ಕಂಪನಿ ತಂದಿದ್ದ ಪೆಟ್ರೋಲು ಖರ್ಚಾಗುವುದು ಓಡಿದ ದೂರಕ್ಕಲ್ಲ, ಕಳೆದ ಹೊತ್ತಿಗೆ. ವೇಗದ ಪಂದ್ಯಕ್ಕೆ ಸಾಕಾಗುವಷ್ಟು ತುಂಬಿದ್ದ ಟ್ಯಾಂಕುಗಳು ಮೂರನೇ ಸುತ್ತಿನ ನಡುವೆ ಬರಿದಾಗತೊಡಗಿದವು. ಮೊದಲು ಬ್ರೇಕಣ್ಣನ ಕಾರು ನಿಂತಿತು. ಅದರ ನೆತ್ತಿಯ ಮೇಲೆ ಥಳಥಳಿಸುವ ದೊಡ್ಡ ಫಲಕ ಎದ್ದಿತು: "ಪೆಟ್ರೋಲ್ ಮುಗಿದಿದೆ! ಈಗಲೇ ಕೊಳ್ಳಿ!" ಆಮೇಲೆ ಇನ್ನೊಂದು ಕಾರು, ಇನ್ನೊಂದು ಫಲಕ. ಸೀಟಕ್ಕನದ್ದು. ಕೊನೆಗೆ ಕೆಂಪು ಕಾರಿನದ್ದೂ. ಇಪ್ಪತ್ತು ಕಾರು ರಸ್ತೆ ತುಂಬ ನಿಂತಿವೆ, ಇಪ್ಪತ್ತು ಫಲಕ ಮೇಲೆ ಮೇಲೆ ಬಿದ್ದು ಹೊಳೆಯುತ್ತಿವೆ, ಲಕ್ಷಾಂತರ ಜನ ನೋಡುತ್ತಿದ್ದಾರೆ! ಈಗಲೇ ಕೊಳ್ಳಿ, ಈಗಲೇ ಕೊಳ್ಳಿ, ಈಗಲೇ ಕೊಳ್ಳಿ!

ವಿವರಣೆಯವನು ತಡೆದೂ ತಡೆದೂ ಕಡೆಗೆ ಬಿದ್ದು ಬಿದ್ದು ನಗತೊಡಗಿದ. ಅಲ್ಲಿಗೆ ಪ್ರಸಾರ ನಿಂತುಹೋಯಿತು.

"ನಾವಲ್ಲ ತಂಗೀ, ಅವರೇ ನಿಲ್ಲಿಸಿಬಿಟ್ರು!" ಬ್ರೇಕಣ್ಣ ಮೈಕಿನಲ್ಲಿ ಕಿರುಚುತ್ತಿದ್ದರು. ಸೀಟಕ್ಕ ನಗುತ್ತ ಅಳುತ್ತ ಸ್ಟೇರಿಂಗಿಗೆ ಹಣೆ ಒತ್ತಿಕೊಂಡಿದ್ದಳು. ಗಂಡ ಬಂದು ಆಕೆಯ ಹೆಗಲ ಮೇಲೆ ಕೈಯಿಟ್ಟು ನಿಂತರು.

ಆ ಇಪ್ಪತ್ತು ಫಲಕಗಳ ಚಿತ್ರ ಸಂಜೆಯೊಳಗೆ ಎಲ್ಲೆಲ್ಲೂ ಹರಿದಾಡಿತು. ಬೇರೆ ಭಾಷೆಯ ವಿಭಾಗಗಳವರೂ ತಮ್ಮ ಪಂದ್ಯಗಳಲ್ಲಿ ಹೆಡ್‌ಲೈಟ್ ಹಾಕಿಕೊಂಡು ತೆವಳಿದರು. ವಾರ ಕಳೆಯುವುದರೊಳಗೆ ಕಂಪನಿ ಬಗ್ಗಿತು: ಗೆದ್ದ ಕಾರುಗಳಿಗೆ ಬಾಡಿಗೆಯಿಲ್ಲ, ಪೆಟ್ರೋಲಿನ ಕಾಟವೂ ಇಲ್ಲ. ಪೆಟ್ಟಿಗೆಗಳ ವಿಷಯದಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. ಜೊತೆಗೆ, ಪಂದ್ಯದ ಘನತೆಗೆ ಕುಂದು ತಂದದ್ದಕ್ಕೆ ಸೀಟಕ್ಕನನ್ನು ಒಂದು ತಿಂಗಳು ಆಟದಿಂದ ಹೊರಗಿಟ್ಟಿತು.

ಸೀಟಕ್ಕ ಅದನ್ನು ಸನ್ಮಾನವೆಂದೇ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಆ ತಿಂಗಳು ಬಾಕಿಯಿದ್ದ ವ್ಯಾನುಗಳ ಸೀಟು ಹೊಲಿದು ಮುಗಿಸಿದಳು. ಅಷ್ಟು ದಿನವೂ ಸ್ಟೇರಿಂಗ್ ಹಿಡಿದವರು ಅಜ್ಜಿ. ಬೆನ್ನಿಗೆ ದಿಂಬು ಕೊಟ್ಟುಕೊಂಡು, ಸ್ವಂತ ಹೆಸರಿನಲ್ಲೇ ಸೇರಿ, ದಿನವೂ ಪ್ರಪಾತಕ್ಕೆ ಬಿದ್ದರು. "ಒಳ್ಳೇ ಗಾಳಿ ಬರುತ್ತೆ ಕಣೇ ಬೀಳುವಾಗ!" ಎನ್ನುತ್ತಿದ್ದರು.

ಶಿಕ್ಷೆ ಮುಗಿದ ಸಂಜೆ ಗುಂಪಿನವರೆಲ್ಲ ಮೈಕಿನಲ್ಲಿ ಸೇರಿದರು. ಗುರುತಿಲ್ಲದ ಒಂದು ದನಿ ಅಳುಕುತ್ತ ಶುರುಮಾಡಿತು. "ನಾನು... ಕೆಂಪು ಕಾರಿನವನು. ಅಕ್ಕಾ, ಗುದ್ದಿದ್ದಕ್ಕೆ ಕ್ಷಮಿಸಿ. ನಾನು ಆಟ ಆಡೋದೇ ಬಿಟ್ಟಿದ್ದೆ, ಬರೀ ಪೆಟ್ಟಿಗೆ ಒಡೀತಾ ಕೂತಿರ್ತಿದ್ದೆ. ಎಷ್ಟು ಹೋಯ್ತು ಅಂತ ಮನೇಲಿ ಇನ್ನೂ ಹೇಳಿಲ್ಲ."

"ಮೊದಲು ಮನೇಲಿ ಹೇಳಪ್ಪಾ," ಎಂದಳು ಸೀಟಕ್ಕ. "ಹೇಳಿ ನಾಳೆ ಬಾ. ಈ ಪೆಟ್ಟಿಗೆಗಳಿಗೆ ಏನು ಮಾಡೋದು ಅಂತ ಎಲ್ಲರೂ ಸೇರಿ ಯೋಚಿಸೋಣ. ನಿನಗೆ ಅದರ ಒಳಹೊರಗೆಲ್ಲ ಗೊತ್ತಲ್ಲ."

ಅವನು ಮರುದಿನ ಎಲ್ಲರಿಗಿಂತ ಮೊದಲೇ ಬಂದಿದ್ದನಂತೆ.