ಡ್ರಾಯರಿನಲ್ಲಿ ಮುಚ್ಚಿಟ್ಟ ಹತ್ತು ಜಲ್ಲಿ

ಮೊನ್ನೆ ದೇರೆಬೈಲಿನ ನಮ್ಮ ಓಣಿಗೆ ಡಾಮರು ಹಾಕುತ್ತಿದ್ದರು. ಕಾದ ಡಾಮರಿನ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಮೇಸ್ತ್ರಿ ನೆನಪಾದರು... ನಿವೃತ್ತಳಾಗಿ ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ನಾನು ಕಿಟಕಿ ಮುಚ್ಚುತ್ತೇನೆ.

ಎಂಬತ್ತರ ದಶಕದ ಆರಂಭ. ನಾನು ಹೊಸ ಇಂಜಿನಿಯರ್, ಗಂಡಸರ ನಡುವೆ ಒಬ್ಬಳೇ ಹೆಣ್ಣು. ಬಿಜೈ ಕಡೆಯ ಒಂದು ಏರುರಸ್ತೆ ನನ್ನ ಮೊದಲ ಕೆಲಸ. ಅಲ್ಲಿನ ಮೇಸ್ತ್ರಿ ನನ್ನ ಅಪ್ಪನ ವಯಸ್ಸಿನವರು. ದಿನಗೂಲಿಯಲ್ಲೇ ಕೂದಲು ನರೆತಿತ್ತು. ಆ ವರ್ಷ ಅವರ ಕೆಲಸ ಖಾಯಂ ಆಗುವುದರಲ್ಲಿತ್ತು. ಆದರೆ ಕಲ್ಲಿನ ವಿಷಯದಲ್ಲಿ ಅವರು ಯಾರಿಗೂ ಸೊಪ್ಪು ಹಾಕುವವರಲ್ಲ.

ಮೇ ಕೊನೆಯಲ್ಲಿ ಲಾರಿ ತಂದು ಸುರಿದ ಜಲ್ಲಿಯನ್ನು ಅಂಗೈಯಲ್ಲಿ ಉಜ್ಜಿ, ಕೆಂಪಾದ ಕೈಯನ್ನು ನನಗೆ ತೋರಿಸಿದರು.

"ಕಲ್ಲು ಗಟ್ಟಿ ಉಂಟು ಮೇಡಮ್. ಆದ್ರೆ ಮೈಯೆಲ್ಲ ಮಣ್ಣು. ಡಾಮರು ಮಣ್ಣಿಗೆ ಅಂಟ್ತದೆ, ಕಲ್ಲಿಗೆ ಅಂಟುವುದಿಲ್ಲ. ತೊಳೆದು ಒಣಗಿಸ್ಬೇಕು."

ಅದಕ್ಕೆ ಮೂರು ದಿನವಾದರೂ ಬೇಕು. ಆಕಾಶ ಆಗಲೇ ಕಪ್ಪಿಟ್ಟಿತ್ತು. "ನಾಳೆ ರೋಲರ್ ಓಡ್ಬೇಕು, ಎಂತ ಮಾಡ್ತೀರೋ ಮಾಡಿ" ಎಂದು ದೊಡ್ಡ ಸಾಹೇಬರು ಜೀಪು ಹತ್ತಿದರು. ಮೇಸ್ತ್ರಿ ಡಾಮರು ಮೆತ್ತಿದ ಹತ್ತು ಜಲ್ಲಿಗಳನ್ನು ಹಳೆಯ ಉಪ್ಪಿನಕಾಯಿ ಬಾಟಲಿಗೆ ಹಾಕಿ, ನೀರು ತುಂಬಿಸಿ, ಸೈಟಿನ ಶೆಡ್ಡಿನಲ್ಲಿದ್ದ ನನ್ನ ಮೇಜಿನ ಮೇಲಿಟ್ಟರು.

"ಬೆಳಿಗ್ಗೆ ನೋಡಿ. ಮತ್ತೆ ನೀವು ಹೇಳಿದ ಹಾಗೆ."

ಬೆಳಿಗ್ಗೆ ನೋಡಿದೆ. ಡಾಮರು ಸುಲಿದು ಮುಕ್ಕಾಲು ಪಾಲು ಕಲ್ಲುಗಳು ಬೋಳಾಗಿದ್ದವು. ಹೊರಗೆ ಜೀಪು ನಿಂತ ಸದ್ದಾಯಿತು. ನಾನು ಬಾಟಲಿಯನ್ನು ಡ್ರಾಯರಿಗೆ ತಳ್ಳಿ, ಜಲ್ಲಿ ಸರಿಯಿದೆ ಎಂಬ ಕಾಗದಕ್ಕೆ ಸಹಿ ಹಾಕಿದೆ. ಹೆದರಿಕೆ, ಬೇರೇನೂ ಅಲ್ಲ. ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಎಲ್ಲವನ್ನೂ ನೋಡಿದರು.

ಮೊದಲ ಮಳೆಗೇ ಏರಿನ ಜಲ್ಲಿ ಎದ್ದು ಚರಂಡಿ ಸೇರಿತು. ವಿಚಾರಣೆಯ ದಿನ ಸಾಹೇಬರು, ಮೇಸ್ತ್ರಿ ಡಾಮರನ್ನು ಸರಿಯಾಗಿ ಕಾಯಿಸಿಲ್ಲ ಎಂದರು. ಬಾಟಲಿಯ ಸುದ್ದಿ ಮೇಸ್ತ್ರಿಯ ಬಾಯಿಂದ ಬಂದಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಬರದಿದ್ದರೆ ಅವರದು. ಅವರು ಒಮ್ಮೆ ನನ್ನತ್ತ ನೋಡಿ, "ಹೌದು, ಬೆಂಕಿ ಸಾಕಾಗ್ಲಿಲ್ಲ" ಎಂದುಬಿಟ್ಟರು.

ಮರುದಿನದಿಂದ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ನಾನು ಬಾಯಿ ಬಿಡಲಿಲ್ಲ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳುವ ಧೈರ್ಯ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಮೊನ್ನೆ ಓಣಿಗಿಳಿದು, ರಾಶಿಯಿಂದ ಒಂದು ಹಿಡಿ ಜಲ್ಲಿ ತೆಗೆದು ಅಂಗೈಯಲ್ಲಿ ಉಜ್ಜಿದೆ. ಕೈ ಕೆಂಪಾಯಿತು.

"ಎಂತ ಅಮ್ಮ?" ಎಂದರು ಅಲ್ಲಿದ್ದ ಎಳೆಯ ಇಂಜಿನಿಯರ್.

"ತೊಳೆಯದೆ ಹಾಕ್ಬೇಡಿ ಮಾರಾಯ್ರೆ" ಎಂದೆ. ಆ ಮಾತನ್ನು ನಾನು ಹೇಳಬೇಕಾಗಿದ್ದದ್ದು ಅಂದು, ಜೀಪಿನ ಮುಂದೆ ನಿಂತು.