ಶೋರೂಮಿನ ಸೀರೆ

ಗೋಳಗುಮ್ಮಟದ ಕಡೆಯಿಂದ ಬರುವಾಗ ರಸ್ತೆಯ ತಿರುವಿನಲ್ಲಿ ಟ್ರ್ಯಾಕ್ಟರ್ ಶೋರೂಮಿನವರು ಒಂದು ದೊಡ್ಡ ಬೋರ್ಡು ನಿಲ್ಲಿಸಿದ್ದಾರೆ. ಅದರಲ್ಲಿರುವವಳು ನಾನು. ಮೈಮೇಲೆ ಯಾರದ್ದೋ ನೀಲಿ ಅಂಗಿ, ಕೈಯಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ, ಬೆನ್ನ ಹಿಂದೆ ಹೊಸ ಟ್ರ್ಯಾಕ್ಟರ್, ಮುಖದ ತುಂಬ ನಗು. ಕೆಳಗೆ ‘ಹೆಣ್ಣುಮಕ್ಕಳ ಕೈಗೆ ಕೌಶಲ’ ಎಂದು ಬರೆದಿದೆ. ಫೋಟೋ ತೆಗೆದ ಮರುಗಳಿಗೆಯೇ ಆ ಪಾನಾವನ್ನು ನನ್ನ ಕೈಯಿಂದ ಇಸಿದುಕೊಂಡರು, ಅಂಗಿಯನ್ನೂ ಇಸಿದುಕೊಂಡರು. ಬಸ್ಸು ಆ ತಿರುವಿಗೆ ಬಂದಾಗಲೆಲ್ಲ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ವಿಜಯಪುರದ ಐಟಿಐಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಕೋರ್ಸಿಗೆ ಸೇರಿದಾಗ ಬಬಲೇಶ್ವರದ ನಮ್ಮ ಓಣಿಯಲ್ಲಿ ನಗದವರಿರಲಿಲ್ಲ. ಅವ್ವ ಜಂಪರು ಹೊಲಿದು ಮನೆ ನಡೆಸುವವಳು. ಮಗಳು ಟ್ರ್ಯಾಕ್ಟರಿನ ಕೆಳಗೆ ಮಲಗುವುದು ಅವಳಿಗೂ ಇಷ್ಟವಿರಲಿಲ್ಲ. ನನಗೆ ಮಾತ್ರ ಬೇರೇನೂ ಬೇಡವಾಗಿತ್ತು. ಎಂಜಿನ್ ಬಿಚ್ಚಬೇಕು, ಜೋಡಿಸಬೇಕು, ಅದರಲ್ಲೇ ಅನ್ನ ತಿನ್ನಬೇಕು, ಅಷ್ಟೇ. ತರಗತಿಯಲ್ಲಿ ನಾವು ಇಬ್ಬರೇ ಹುಡುಗಿಯರು. ಇನ್ನೊಬ್ಬಳು ತಿಕೋಟಾದವಳು, ಓದಿನಲ್ಲಿ ನನಗಿಂತ ಒಂದು ಹೆಜ್ಜೆ ಮುಂದೆ. ಐಟಿಐಯಲ್ಲಿ ಇದ್ದದ್ದು ಒಂದು ಹಳೆಯ ಎಂಜಿನ್, ಅದೂ ನಾವು ಹುಟ್ಟುವ ಮೊದಲೇ ಕೆಟ್ಟು ನಿಂತಿತ್ತು. ಹಾಗಾಗಿ ಟ್ರ್ಯಾಕ್ಟರ್ ಶೋರೂಮಿನವರು ಐಟಿಐ ಜೊತೆ ಒಪ್ಪಂದ ಮಾಡಿಕೊಂಡು, ಆರು ತಿಂಗಳು ತಮ್ಮ ವರ್ಕ್‌ಶಾಪಿನಲ್ಲೇ ಕೆಲಸ ಕಲಿಸುತ್ತೇವೆ ಎಂದಾಗ ನಾನು ಕುಣಿದಾಡಿಬಿಟ್ಟೆ.

ಮೊದಲ ದಿನ ಹುಡುಗರಿಗೆಲ್ಲ ನೀಲಿ ಅಂಗಿ, ಪ್ಯಾಂಟು ಕೊಟ್ಟರು. ನಮ್ಮಿಬ್ಬರಿಗೆ ಸೀರೆ ಕೊಟ್ಟರು. ಗುಲಾಬಿ ಬಣ್ಣ, ಮೈತುಂಬ ಹಳದಿ ಹೂವು.

“ನಿಮ್ಮ ಅಳತಿ ಯೂನಿಫಾರ್ಮ್ ಇನ್ನಾ ಬಂದಿಲ್ಲವ್ವಾ. ಅಲ್ಲಿತನಾ ಇದನ್ನ ಉಟಗೋರಿ,” ಎಂದ ಮ್ಯಾನೇಜರ್.

ನಮ್ಮ ಕಡೆ ಹೊಸ ಟ್ರ್ಯಾಕ್ಟರ್ ಕೊಂಡವರು ಪೂಜೆ ಮಾಡದೆ ಅದನ್ನು ಶೋರೂಮಿನ ಬಾಗಿಲು ದಾಟಿಸುವುದಿಲ್ಲ. ಕಾಯಿ ಒಡೆಯಬೇಕು, ಗಾಲಿಯ ಕೆಳಗೆ ಲಿಂಬೆಹಣ್ಣು ಇಡಬೇಕು, ಆರತಿ ಬೆಳಗಬೇಕು. ಆ ಆರತಿಯ ತಟ್ಟೆ ನಮ್ಮ ಪಾಲಿಗೆ ಬಂತು. ಕುಂಕುಮ ಹಚ್ಚು, ಪೇಡೆ ಹಂಚು, ಫೋಟೋಕ್ಕೆ ನಗು. ಗಿರಾಕಿ ಇಲ್ಲದಾಗ ಆಫೀಸಿನವರಿಗೆ ಚಹಾ ಕೊಡು. ಬೋರ್ಡಿನ ಆ ಫೋಟೋ ತೆಗೆದದ್ದೂ ಈ ದಿನಗಳಲ್ಲೇ. ವರ್ಕ್‌ಶಾಪು ಇದ್ದದ್ದು ಒಂದು ಗೋಡೆಯ ಆಚೆ. ಅಲ್ಲಿ ಸುತ್ತಿಗೆಯ ಸದ್ದಾದರೆ ನಾನು ಚಹಾದ ಕಪ್ಪನ್ನು ಮೇಜಿನ ಮೇಲೆ ಕುಕ್ಕುತ್ತಿದ್ದೆ. ಸಿಟ್ಟಿಗೆ.

ತಡೆಯಲಾರದೆ ಒಂದು ದಿನ ಒಳಗೆ ನುಗ್ಗಿದೆ. ದೊಡ್ಡ ಮೇಸ್ತ್ರಿ ಬಾಗಿಲಲ್ಲೇ ತಡೆದರು. “ಸೀರಿ ಉಟ್ಟು ಒಳಗ ಬರಬ್ಯಾಡ ತಂಗಿ. ಸೆರಗು ಬೆಲ್ಟಿಗೆ ಸಿಕ್ಕರ ಜೀವಾನ ಹೋಗತೈತಿ.” ಅವರ ಮಾತು ಸುಳ್ಳಲ್ಲ. ಹಾಗಾದರೆ ಸೀರೆಯೇ ಬೇಡ ಎಂದು ಮರುದಿನ ಮನೆಯಿಂದ ಚೂಡಿದಾರ ಹಾಕಿಕೊಂಡು ಹೋದೆ. ಮ್ಯಾನೇಜರ್ ಗೇಟಿನಿಂದಲೇ ವಾಪಸ್ ಕಳಿಸಿದ. “ಕಂಪನಿ ಕೊಟ್ಟ ಅರಿವ್ಯಾಗ ಬರಬೇಕು. ಇಲ್ಲಾಂದ್ರ ಹಾಜರಿ ಇಲ್ಲ.” ಎಂಥ ಲೆಕ್ಕಾಚಾರ ನೋಡಿ! ಸೀರೆ ಉಟ್ಟರೆ ವರ್ಕ್‌ಶಾಪು ಇಲ್ಲ, ಬಿಟ್ಟರೆ ಶೋರೂಮೇ ಇಲ್ಲ.

ಐಟಿಐ ಪ್ರಾಚಾರ್ಯರ ಹತ್ತಿರ ಹೋದೆ. ಅವರು ಕನ್ನಡಕ ಒರೆಸುತ್ತ, “ಅವರು ಒಪ್ಪಿಕೊಂಡಿದ್ದ ದೊಡ್ಡದು. ಹೆಣ್ಣುಮಕ್ಕಳು ಅಂತ ನೆಳ್ಳಾಗ ಕೂಡಿಸ್ಯಾರ. ಅದಕ್ಕೂ ತಕರಾರಾ?” ಎಂದರು. ತಕರಾರು ಜೋರಾದರೆ ಒಪ್ಪಂದವೇ ಮುರಿದು ಹುಡುಗರ ಬದುಕೂ ಹಾಳಾಗುತ್ತದೆ ಎಂದು ಬೇರೆ ಹೆದರಿಸಿದರು. ಮನೆಗೆ ಬಂದರೆ ಅವ್ವ ನನ್ನ ಉಗುರು ಹಿಡಿದು ನೋಡಿ, ಗ್ರೀಸ್ ಇಲ್ಲ, ಚಲೋ ಆಯಿತು ಎಂದು ಖುಷಿಪಟ್ಟಳು. ತಿಕೋಟಾದವಳು, “ಸುಮ್ಮನಿರಲೇ, ಫ್ಯಾನಿನ ಕೆಳಗ ಅದೀವಿ,” ಎನ್ನುತ್ತಿದ್ದಳು. ನಾನು ಯಾರ ಮೇಲೆ ಸಿಟ್ಟು ಮಾಡಲಿ? ಎಲ್ಲರ ಮೇಲೂ ಮಾಡಿದೆ.

ಹೀಗೆ ಅರ್ಧ ಅವಧಿ ಮುಗಿಯಿತು. ದೀಪಾವಳಿ ಪಾಡ್ಯದ ಬೆಳಿಗ್ಗೆ ಜೈನಾಪುರದ ರೈತರೊಬ್ಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊಸ ಟ್ರ್ಯಾಕ್ಟರ್ ಒಯ್ಯಲು ಬಂದರು. ಅವರ ಸೊಸೆಯಂದಿರ ಜಂಪರು ಹೊಲಿಯುವವಳು ನಮ್ಮವ್ವನೇ. ಪೂಜೆಯಾಯಿತು, ಕಾಯಿ ಒಡೆದರು. ಚಾಲೂ ಮಾಡಿದರೆ ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಟಾಕಿಯಲ್ಲಿ ಡೀಸೆಲ್ ತಳ ಕಂಡಿತ್ತು. ಕ್ಯಾನಿನಿಂದ ಸುರಿದರೂ ಉಪಯೋಗವಿಲ್ಲ, ಪೈಪಿನೊಳಗೆ ಗಾಳಿ ಸೇರಿಬಿಟ್ಟಿತ್ತು. ಹಬ್ಬವೆಂದು ಮೇಸ್ತ್ರಿಗಳು ಇನ್ನೂ ಬಂದಿರಲಿಲ್ಲ. ಪೂಜೆ ಮಾಡಿದ ಗಾಡಿ ಬಾಗಿಲಲ್ಲೇ ನಿಂತಿತಲ್ಲ ಎಂದು ಮನೆಯ ಮುದುಕಿ ಅಳುವುದಕ್ಕೇ ಶುರು ಮಾಡಿದಳು.

ಆಗ ಆ ರೈತರು ನನ್ನ ಕಡೆ ಬೆರಳು ತೋರಿಸಿದರು. “ಯಾಕ ಅಳ್ತಿ ಬೇ? ನಮ್ಮ ಜಂಪರ್ ಹೊಲಿಯೂ ಅಕ್ಕನ ಮಗಳು ಇಲ್ಲೇ ಅದಾಳ. ಟ್ರ್ಯಾಕ್ಟರ್ ರಿಪೇರಿನ ಕಲಿಯಾಕತ್ತಾಳ. ಬಾರವಾ, ನೋಡು.”

ಪುಸ್ತಕದಲ್ಲಿ ಓದಿದ್ದೆ: ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಪಂಪು ಒತ್ತಿ, ಗಾಳಿ ಹೊರಗೆ ಬಿಡಬೇಕು. ಬಾಯಿಪಾಠವಾಗಿತ್ತು. ಆದರೆ ಆ ಸ್ಕ್ರೂ ಯಾವುದು ಎಂದು ಕಣ್ಣಾರೆ ನೋಡಿರಲಿಲ್ಲ. ಆರತಿ ತಟ್ಟೆಯನ್ನು ಮಡಗಾರ್ಡಿನ ಮೇಲಿಟ್ಟು ಪಾನಾ ಹಿಡಿದೆ. ಬಿಚ್ಚಿದ್ದು ಫಿಲ್ಟರಿನ ತಳದ ನಟ್ಟನ್ನು. ಡೀಸೆಲ್ ಭಳಕ್ಕೆಂದು ಸೀರೆಯ ಮೇಲೆ ಸುರಿಯಿತು. ಪಕ್ಕದಲ್ಲೇ ಆರತಿಯ ದೀಪ ಉರಿಯುತ್ತಿತ್ತು. ಯಾರೋ ಚೀರಿದರು, ಯಾರೋ ತಟ್ಟೆ ಕಸಿದುಕೊಂಡು ದೂರ ಓಡಿದರು.

ಆಗಷ್ಟೇ ಕೆಲಸಕ್ಕೆ ಬಂದಿದ್ದ ನನ್ನ ಸಹಪಾಠಿಯೊಬ್ಬ ಗದ್ದಲ ಕೇಳಿ ವರ್ಕ್‌ಶಾಪಿನಿಂದ ಓಡಿ ಬಂದ. ನಾನು ಬರೆದ ನೋಟ್ಸು ನೋಡಿ ಪಾಸಾದವನು. ತಳದ ನಟ್ಟು ಬಿಗಿದ, ಮೇಲಿನ ಸ್ಕ್ರೂ ಸಡಿಲಿಸಿದ, ಪಂಪು ಒತ್ತಿದ, ಎಂಜಿನ್ ಹತ್ತಿಕೊಂಡಿತು. ಎಲ್ಲರೂ ಅವನ ಬೆನ್ನು ತಟ್ಟಿದರು. ಅವನು ಕಳ್ಳನಲ್ಲ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವನ ಬೆರಳುಗಳಿಗೆ ಗೊತ್ತಿದ್ದದ್ದು ನನ್ನ ಬೆರಳುಗಳಿಗೆ ಗೊತ್ತಿರಲಿಲ್ಲ. ಅದನ್ನು ಕಲಿಯುವ ದಿನಗಳನ್ನು ನನ್ನಿಂದ ಕಿತ್ತುಕೊಂಡಿದ್ದರು. ಮ್ಯಾನೇಜರ್ ನನ್ನ ಹತ್ತಿರ ಬಂದು ಹೇಳಿದ್ದು ಒಂದೇ ಮಾತು: “ಸೀರಿ ಹಾಳು ಮಾಡಿದಿ.”

ಮರುದಿನ ಮಧ್ಯಾಹ್ನ ಆ ಮನೆಯ ಸೊಸೆ ಜಂಪರು ಒಯ್ಯಲು ನಮ್ಮಲ್ಲಿಗೆ ಬಂದಳು. ನಾನು ಒಳಗೆ ಕೂತಿದ್ದೆ. “ನಿನ್ನ ಮಗಳು ಆರತಿ ಚಲೋ ಬೆಳಗತಾಳ ಬಿಡಬೇ. ರಿಪೇರಿ ಏನೂ ಬರೂದಿಲ್ಲ,” ಎಂದು ನಕ್ಕು ಹೋದಳು. ಅವ್ವ ಎದ್ದು ಅಂಗಳಕ್ಕೆ ನಡೆದಳು. ಎಷ್ಟು ತೊಳೆದರೂ ಡೀಸೆಲ್ ವಾಸನೆ ಹೋಗದೆ ಅಂಗಳದಲ್ಲಿ ತೂಗುತ್ತಿದ್ದ ಆ ಸೀರೆಯನ್ನು ಎಳೆದು ತಂದಳು, ನೆಲದ ಮೇಲೆ ಹಾಸಿದಳು, ಕತ್ತರಿ ತೆಗೆದುಕೊಂಡಳು.

“ಯವ್ವಾ, ಅದು ಕಂಪನಿ ಸೀರಿ ಬೇ!”

“ಕಂಪನಿ ಕೊಟ್ಟ ಅರಿವ್ಯಾಗ ಬರಬೇಕು ಅಂದಾನಲ್ಲ? ಅದರಾಗ ಹೋಗು. ಎದ್ದು ನಿಲ್ಲು, ಪ್ಯಾಂಟಿನ ಅಳತಿ ಹೇಳು.”

ಗುಲಾಬಿ ಪ್ಯಾಂಟು, ಗುಲಾಬಿ ಅಂಗಿ, ಮೈತುಂಬ ಹಳದಿ ಹೂವು. ಬಬಲೇಶ್ವರದಿಂದ ವಿಜಯಪುರದ ತನಕ ಬಸ್ಸಿನಲ್ಲಿ ನನ್ನನ್ನು ನೋಡದವರಿಲ್ಲ. ಗೇಟಿನ ಕಾವಲುಗಾರ ಬಿದ್ದು ಬಿದ್ದು ನಕ್ಕ. ಮ್ಯಾನೇಜರ್ ಕೆಂಡವಾಗಿ, “ಇದೇನ್ ವೇಷಾ?” ಎಂದ.

“ನೀವ ಕೊಟ್ಟ ಅರಿವಿರಿ. ಹಾಜರಿ ಹಾಕ್ರಿ,” ಎಂದು ನಾನು ನೆಟ್ಟಗೆ ವರ್ಕ್‌ಶಾಪಿನೊಳಗೆ ನಡೆದೆ. ದೊಡ್ಡ ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೆರಗು ಇರಲಿಲ್ಲ. ತಡೆಯಲು ಅವರಿಗೆ ಬೇರೆ ಕಾರಣವೂ ಇರಲಿಲ್ಲ. ಒಂದು ಪಾನಾ ನನ್ನ ಕಡೆ ಚಾಚಿದರು.

ಉಳಿದ ತಿಂಗಳುಗಳಲ್ಲಿ ಮೈಮುರಿದು ಕಲಿತೆ. ಬಿತ್ತನೆಯ ಹೊತ್ತಿಗೆ ಮೇಸ್ತ್ರಿಗಳು ಸಾಲದಾದಾಗ ಶೋರೂಮಿನವರೇ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ನಮ್ಮ ಅಳತೆಯ ಯೂನಿಫಾರ್ಮ್ ಕೊನೆಗೂ ಬರಲೇ ಇಲ್ಲ. ತಿಕೋಟಾದವಳು ಆರು ತಿಂಗಳೂ ತಟ್ಟೆ ಹಿಡಿದಳು. ನನಗೆ ಸಿಕ್ಕ ಸರ್ಟಿಫಿಕೇಟೇ ಅವಳಿಗೂ ಸಿಕ್ಕಿತು. ಬೇರೊಂದು ವರ್ಕ್‌ಶಾಪಿನವರು ಅವಳ ಮುಂದೆ ಫಿಲ್ಟರ್ ಇಟ್ಟು ಬಿಚ್ಚಿ ತೋರಿಸು ಎಂದಾಗ ಎಲ್ಲಿಂದ ಬಿಚ್ಚಬೇಕೆಂದು ತಿಳಿಯದೆ ಎದ್ದು ಬಂದಳಂತೆ. ಈಗ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾಳೆ. ನನಗಿಂತ ಜಾಣೆಯಾಗಿದ್ದವಳು! ಇದಕ್ಕೆ ಯಾರು ಜವಾಬ್ದಾರರು ಎಂದು ಕೇಳಿದರೆ ಐಟಿಐ ಶೋರೂಮನ್ನು ತೋರಿಸುತ್ತದೆ, ಶೋರೂಮು ಆ ಬೋರ್ಡನ್ನು ತೋರಿಸುತ್ತದೆ.

ಮೊನ್ನೆ ಐಟಿಐಯಿಂದ ಹೊಸ ತಂಡ ಬಂತು. ನಾನು ಒಂದು ಟ್ರ್ಯಾಕ್ಟರಿನ ಕೆಳಗಿದ್ದೆ. ಹೊರಗೆ ಬಂದು ನೋಡಿದರೆ ಹುಡುಗರು ನೀಲಿ ಅಂಗಿ ತೊಡುತ್ತಿದ್ದಾರೆ, ಕೌಂಟರಿನ ಹತ್ತಿರ ಇಬ್ಬರು ಹುಡುಗಿಯರು ನಿಂತಿದ್ದಾರೆ. ಮ್ಯಾನೇಜರ್ ಅದೇ ದನಿಯಲ್ಲಿ, “ನಿಮ್ಮ ಅಳತಿ ಯೂನಿಫಾರ್ಮ್ ಇನ್ನಾ ಬಂದಿಲ್ಲವ್ವಾ,” ಎನ್ನುತ್ತಿದ್ದ. ಈ ಸಲದ ಸೀರೆ ಹಸಿರು. ನಾನು ಗ್ರೀಸಿನ ಕೈಯಲ್ಲೇ ಎರಡೂ ಸೀರೆ ಎತ್ತಿಕೊಂಡೆ.

“ಏ, ಅವನ್ನ ಎಲ್ಲಿಗೆ ಒಯ್ಯಾಕತ್ತಿ?” ಎಂದ.

ಹುಡುಗಿಯರನ್ನು ವರ್ಕ್‌ಶಾಪಿನ ಬಾಗಿಲಿಗೆ ಕರೆದುಕೊಂಡು ಹೋಗಿ ಅವ್ವನಿಗೆ ಫೋನು ಮಾಡಿದೆ.

“ಯವ್ವಾ, ಮತ್ತ ಎರಡು ಸೀರಿ ಬಂದಾವ ಬೇ.”

ಆ ಕಡೆ ಹೊಲಿಗೆ ಮಷೀನಿನ ಸದ್ದು ನಿಂತಿತು.

“ಅಳತಿ ಹೇಳು,” ಎಂದಳು.